ಅತ್ತೆಯ ಡ್ಯೂಟಿ ಚಾರ್ಟು, ಒಂಬತ್ತು ಕಂಪ್ಯೂಟರು

ನನ್ನ ಅತ್ತೆ ಬಸ್ ಡಿಪೋದಲ್ಲಿ ಡ್ಯೂಟಿ ಚಾರ್ಟು ಹಾಕುತ್ತಾರೆ. ಯಾವ ಬಸ್ಸಿಗೆ ಯಾವ ಡ್ರೈವರು, ಯಾವ ಕಂಡಕ್ಟರು, ಅವರು ಎಷ್ಟು ಹೊತ್ತಿಗೆ ಹೊರಟು ಎಷ್ಟು ಹೊತ್ತಿಗೆ ಇಳಿಯಬೇಕು, ವಾರದ ರಜೆ ಯಾವತ್ತು, ಇಷ್ಟನ್ನೂ ಬರೆದ ಹಾಳೆಗಳೇ ಡ್ಯೂಟಿ ಚಾರ್ಟು. ಇಪ್ಪತ್ತಾರು ವರ್ಷದಿಂದ ಅವರು ಇದೊಂದೇ ಕೆಲಸ ಮಾಡಿದ್ದಾರೆ. ಅವರ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಡಿಪೋದಲ್ಲಿ ಎಲ್ಲರ ಬಾಯಲ್ಲೂ ಅವರು ಚಾರ್ಟಮ್ಮ. ಎದುರಿಗೆ ಸಿಕ್ಕಾಗ ಕೆಲವರು ಮೇಡಂ ಅನ್ನುತ್ತಾರೆ, ಅದೂ ರಜೆ ಬೇಕಾದಾಗ.

ಅತ್ತೆಯ ಕೋಣೆ ಮೊಗಸಾಲೆಯ ಕೊನೆಯಲ್ಲಿದೆ. ಉದ್ದಕ್ಕೆ ಎಂಟು ಹೆಜ್ಜೆ, ಅಗಲಕ್ಕೆ ನಾಲ್ಕು. ಒಂದು ಮೇಜು, ಒಂದು ಕಂಪ್ಯೂಟರು, ಕಬ್ಬಿಣದ ಒಂದು ಬೀರು. ಬಸ್ಸು ನಿಲ್ಲಿಸುವ ಅಂಗಳದ ಕಡೆಗೆ ಒಂದು ಕಿಟಕಿ, ಅದರ ಸರಳುಗಳ ಕೆಳಗೆ ಕೈ ತೂರುವಷ್ಟು ಕಂಡಿ. ಯಾರಿಗೆ ಏನೇ ಕೇಳುವುದಿದ್ದರೂ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಈ ಕಂಡಿಯ ಮುಂದೆ ಬಂದು ಕೇಳಬೇಕು. ಬೇರೆ ಹೊತ್ತಿನಲ್ಲಿ ಅತ್ತೆ ಯಾರ ಕೈಗೂ ಸಿಗುವುದಿಲ್ಲ. ಮುಖ್ಯವಾಗಿ, ಅವರು ಕ್ಯಾಂಟೀನಿಗೆ ಹೋಗುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಹೋಗಿದ್ದರಂತೆ. ಒಂದು ಲೋಟ ಟೀ ಮುಗಿಸುವುದರೊಳಗೆ ಹದಿನಾಲ್ಕು ಜನ ರಜೆ ಕೇಳಿದರು. ಅವತ್ತಿನಿಂದ ಫ್ಲಾಸ್ಕಿನಲ್ಲಿ ಮನೆಯ ಟೀ, ಮೇಜಿನ ಮೇಲೇ ಊಟ. ಈ ಅಭ್ಯಾಸ ಒಂದು ದಿನ ಅವರಿಗೇ ತೊಡಕಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು.

ಬೀರುವಿನಲ್ಲಿ ನೀಲಿ ರಟ್ಟಿನ ಒಂದು ಪುಸ್ತಕವಿದೆ. ಇದರಲ್ಲಿ ಡಿಪೋದ ಇನ್ನೂರ ನಲವತ್ತು ಜನರ ಮನೆ ಕಾರಣಗಳಿವೆ. ಒಬ್ಬ ಡ್ರೈವರಿನ ಹೆಂಡತಿಯನ್ನು ಮಂಗಳವಾರ, ಶುಕ್ರವಾರ ಮಧ್ಯಾಹ್ನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಆ ಹೊತ್ತಿಗೆ ಡ್ಯೂಟಿ ಬೇಡ. ಇಬ್ಬರು ಅಣ್ಣತಮ್ಮಂದಿರು ಮಾತು ಬಿಟ್ಟು ಆರು ವರ್ಷವಾಯಿತು, ಒಂದೇ ಬಸ್ಸಿಗೆ ಹಾಕಬಾರದು. ಒಬ್ಬ ಕಂಡಕ್ಟರ್ ಅಕ್ಕನ ತಾಯಿಗೆ ಕಣ್ಣು ಕಾಣಿಸುವುದಿಲ್ಲ, ಬೆಳಿಗ್ಗೆ ಎಂಟಕ್ಕೆ ಪಕ್ಕದ ಮನೆಯವರು ಬರುವ ತನಕ ಅಕ್ಕ ಮನೆಯಲ್ಲಿರಬೇಕು. ಎಲ್ಲವನ್ನೂ ಅತ್ತೆ ಪೆನ್ಸಿಲ್ಲಿನಲ್ಲೇ ಬರೆಯುತ್ತಾರೆ. ಕಷ್ಟ ತೀರಿದ ದಿನ ರಬ್ಬರಿನಲ್ಲಿ ಅಳಿಸಲು ಬರಬೇಕು ಎನ್ನುತ್ತಾರೆ.

ಹನ್ನೊಂದು ವರ್ಷದ ಹಿಂದೆ ಅವರು ಅಂಚೆಯಲ್ಲಿ ಪಾಠ ತರಿಸಿಕೊಂಡು ಪ್ರೋಗ್ರಾಂ ಬರೆಯಲು ಕಲಿತರು. ಮಾವ ಆಗಿನ್ನೂ ಬಸ್ಸು ಓಡಿಸುತ್ತಿದ್ದರು. "ಈ ವಯಸ್ಸಲ್ಲಿ ಓದ್ತಾ ಕೂತಿದ್ದೀಯಲ್ಲೇ, ನನ್ನ ಬ್ರೇಕು ಹಿಡಿಯೋಕೂ ಒಂದು ಪ್ರೋಗ್ರಾಂ ಬರಿ" ಎಂದು ರೇಗಿಸುತ್ತಿದ್ದರಂತೆ. ಅತ್ತೆ ಬರೆದದ್ದು ಡ್ಯೂಟಿ ಚಾರ್ಟಿನ ಪ್ರೋಗ್ರಾಂ. ಬಸ್ಸುಗಳು ಎಂಬತ್ತಾರು ಎಂದು ಮೊದಲು ಬರೆದುಕೊಂಡಿದ್ದೆ, ಕೇಳಿದಾಗ ಒಂದು ಗುಜರಿಗೆ ಹೋಗಿದೆ ಎಂದು ತಿಳಿಯಿತು. ಹಾಗಾಗಿ ಎಂಬತ್ತೈದು ಬಸ್ಸು, ಇನ್ನೂರ ನಲವತ್ತು ಜನ, ಒಂದು ಡ್ಯೂಟಿಗೂ ಇನ್ನೊಂದಕ್ಕೂ ನಡುವೆ ಒಂಬತ್ತು ಗಂಟೆ ವಿಶ್ರಾಂತಿ, ಮೇಲೆ ನೀಲಿ ಪುಸ್ತಕ. ಒಬ್ಬರನ್ನು ಇಲ್ಲಿಂದ ಅಲ್ಲಿಗೆ ಸರಿಸಿದರೆ ಇನ್ನೆಲ್ಲೋ ನಾಲ್ಕು ಜನ ಜರುಗಬೇಕಾಗುತ್ತದೆ. ಸಣ್ಣಪುಟ್ಟ ಬದಲಾವಣೆಗಳನ್ನು ಅತ್ತೆಯ ಕಂಪ್ಯೂಟರು ಅರ್ಧ ಗಂಟೆಯಲ್ಲಿ ಮಾಡುತ್ತಿತ್ತು. ಆದರೆ ಟೈಮ್‌ಟೇಬಲ್ಲೇ ಬದಲಾದರೆ ಎಲ್ಲವನ್ನೂ ಮೊದಲಿಂದ ಜೋಡಿಸಬೇಕು. ಅದಕ್ಕೆ ಆ ಒಂದು ಕಂಪ್ಯೂಟರಿಗೆ ಮೂರು ಹಗಲು, ಮೂರು ರಾತ್ರಿಗಿಂತ ಹೆಚ್ಚು ಬೇಕಿತ್ತು.

ಹೋದ ವರ್ಷ ಕೇಂದ್ರ ಕಚೇರಿಯಿಂದ ಒಂದು ಕಾಗದ ಬಂತು. ಇನ್ನು ಮುಂದೆ ಎಲ್ಲ ಡಿಪೋಗಳ ಚಾರ್ಟನ್ನೂ ಕೇಂದ್ರ ಕಚೇರಿಯಲ್ಲೇ ಹಾಕಲಾಗುವುದು, ಹೊಸ ಟೈಮ್‌ಟೇಬಲ್ಲಿಗೆ ತಾವೇ ಹೊತ್ತಿಗೆ ಸರಿಯಾಗಿ ಚಾರ್ಟು ಹಾಕಿ ತೋರಿಸಿದ ಡಿಪೋಗಳನ್ನು ಮಾತ್ರ ಹಾಗೇ ಬಿಡಲಾಗುವುದು ಎಂದು ಅದರಲ್ಲಿತ್ತು. ಅವರ ನಮೂನೆಯ ಒಂದು ಪ್ರತಿಯನ್ನೂ ಜೊತೆಗೆ ಇಟ್ಟಿದ್ದರು. ಅತ್ತೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಹದಿನೆಂಟು ಕಲಂ ಇದ್ದವು. ಮನೆ ಕಾರಣ ಬರೆಯಲು ಒಂದೂ ಇರಲಿಲ್ಲ.

ವರ್ಷ ಕಳೆದು ಹೊಸ ಟೈಮ್‌ಟೇಬಲ್ ಬರುವ ವಾರ ಮ್ಯಾನೇಜರು ಕರೆದು ಹೇಳಿದರು. ವಯಸ್ಸಿನಲ್ಲಿ ಅತ್ತೆಗಿಂತ ಚಿಕ್ಕವರು, ಒಳ್ಳೆಯವರು.

"ಅಮ್ಮ, ಬುಧವಾರ ಸಂಜೆ ಹೊಸ ಟೈಮ್‌ಟೇಬಲ್ ಕೈಗೆ ಬರುತ್ತೆ. ಸೋಮವಾರದಿಂದ ಬಸ್ಸು ಅದರ ಪ್ರಕಾರ ಓಡಬೇಕು. ಶನಿವಾರ ಐದು ಗಂಟೆಗೆ ಚಾರ್ಟು ಬೋರ್ಡಿನ ಮೇಲಿದ್ರೆ ನಮ್ಮದು ನಮ್ಮಲ್ಲೇ. ಇಲ್ಲದಿದ್ರೆ ಅವರೇ ಹಾಕ್ತಾರೆ. ನಿಮ್ಮನ್ನೂ ಅಲ್ಲಿಗೇ ಕರೆಸ್ಕೊತಾರೆ."

"ಹೊತ್ತಿಗೆ ಸರಿಯಾಗಿ ಹಾಕಿ, ಒಳಗೆ ತಪ್ಪಿದ್ರೆ?"

"ತಪ್ಪಿರೋ ಚಾರ್ಟು ಚಾರ್ಟೇ ಅಲ್ಲ ಅಂತ ನೀವೇ ಅಲ್ವಾ ಹೇಳೋದು?"

ಅತ್ತೆ ಎದ್ದು ಬಂದರು. ಬುಧವಾರ ಸಂಜೆಯಿಂದ ಶನಿವಾರ ಸಂಜೆಗೆ ಮೂರು ದಿನ. ಅವರ ಕಂಪ್ಯೂಟರಿಗೆ ಅಷ್ಟು ಸಾಲದು.

ಆದರೆ ಅತ್ತೆ ಸುಮ್ಮನೆ ಕೂತಿರಲಿಲ್ಲ. ಆ ಕಾಗದ ಬಂದ ವಾರವೇ ಅವರು ಡಿಪೋದಲ್ಲಿ ಎಷ್ಟು ಕಂಪ್ಯೂಟರುಗಳಿವೆ ಎಂದು ಪಟ್ಟಿ ಮಾಡಿದ್ದರು. ಟಿಕೆಟ್ ಕೌಂಟರಿನಲ್ಲಿ ಮೂರು, ವರ್ಕ್‌ಶಾಪಿನಲ್ಲಿ ಎರಡು, ಸ್ಟೋರಿನಲ್ಲಿ ಒಂದು, ವಿಚಾರಣೆ ಕಿಟಕಿಯಲ್ಲಿ ಒಂದು, ಕ್ಯಾಂಟೀನಿನಲ್ಲಿ ಒಂದು, ತಮ್ಮದು ಒಂದು. ಒಟ್ಟು ಒಂಬತ್ತು. ಎಲ್ಲವೂ ಡಿಪೋದ ಒಳಗಿನ ತಂತಿಯಲ್ಲಿ ಒಂದಕ್ಕೊಂದು ಸೇರಿದ್ದವು, ಮುಕ್ಕಾಲು ಹೊತ್ತು ಕೆಲಸವಿಲ್ಲದೆ ಇರುತ್ತಿದ್ದವು. ಒಂದು ದೊಡ್ಡ ಲೆಕ್ಕವನ್ನು ಎಳೆ ಎಳೆಯಾಗಿ ಬಿಡಿಸಿ ಈ ಒಂಬತ್ತಕ್ಕೂ ಹಂಚಿದರೆ ಹೇಗೆ ಎಂದು ಅತ್ತೆ ವರ್ಷವಿಡೀ ಸಣ್ಣ ಸಣ್ಣ ಲೆಕ್ಕಗಳಲ್ಲಿ ಪ್ರಯತ್ನಿಸುತ್ತ ಬಂದಿದ್ದರು. ಎಲ್ಲರ ಒಪ್ಪಿಗೆ ಪಡೆದು, ಮ್ಯಾನೇಜರ ಸಹಿಯನ್ನೂ ಹಾಕಿಸಿಕೊಂಡಿದ್ದರು.

ಆ ಬುಧವಾರ ಊಟಕ್ಕೆ ಕೂತಾಗ ಮಾವ ಕೇಳಿದರು. "ಅಲ್ಲ ಕಣೇ, ಕೌಂಟರಿನ ಕಂಪ್ಯೂಟರು ಟಿಕೆಟ್ ಕೊಡೋದು ಬಿಟ್ಟು ನಿನ್ನ ಚಾರ್ಟು ಹಾಕ್ತಾ ಕೂತ್ರೆ ಜನ ಸುಮ್ನಿರ್ತಾರಾ?"

"ಬಿಡಲ್ಲ ರೀ. ಎರಡೂ ಮಾಡುತ್ತೆ. ಒಂದೊಂದು ಕಂಪ್ಯೂಟರಿನ ಒಳಗೂ ಇನ್ನೊಂದು ಕಂಪ್ಯೂಟರು ಇದೆ ಅನ್ನೋ ಹಾಗೆ ಮಾಡಿದ್ದೀನಿ. ಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಬಿಟ್ಟ ಹಾಗೆ ಅಂದ್ಕೊಳ್ಳಿ. ಕೋಣೆಗೆ ಬೇರೆ ಬಾಗಿಲು. ಬಾಡಿಗೆದಾರ ಮನೆಯವರ ಬೀರು ಮುಟ್ಟೋ ಹಾಗಿಲ್ಲ, ಅಡುಗೆಮನೆಗೆ ಹೋಗೋ ಹಾಗಿಲ್ಲ. ಮನೆಯವರಿಗೆ ಕೆಲಸ ಬಂದಾಗ ಅವನು ಸುಮ್ನೆ ಇರಬೇಕು."

"ಯಜಮಾನ ಯಾರು? ನೀನಾ?"

"ಯಾರೂ ಇಲ್ಲ. ಎಲ್ಲರೂ ಸಮ. ಒಬ್ಬರಿಗೆ ಗೊತ್ತಾದದ್ದನ್ನ ಪಕ್ಕದವರಿಗೆ ಹೇಳ್ತಾರೆ, ಅವರು ಅವರ ಪಕ್ಕದವರಿಗೆ. ನನ್ನ ಕಂಪ್ಯೂಟರೇ ಕೆಟ್ಟರೂ ಉಳಿದವು ನಡೆಸ್ಕೊಂಡು ಹೋಗ್ತವೆ."

"ಹಂಗಾದ್ರೆ ನಮ್ಮ ಡ್ರೈವರುಗಳ ಬಾಯಲ್ಲಿ ಸುದ್ದಿ ಹರಡೋ ಹಂಗೆ" ಎಂದು ಮಾವ ನಕ್ಕರು. "ಒಂದು ಮಾತ್ರ ನೋಡ್ಕೊ. ಅಲ್ಲಿ ಒಂದು ಸುದ್ದಿ ಹೊರಟ್ರೆ ಗೇಟಿಗೆ ಬರೋಷ್ಟರಲ್ಲಿ ಎರಡಾಗಿರುತ್ತೆ."

ಮಾವ ತಮಾಷೆಗೆ ಅಂದದ್ದು. ಆದದ್ದು ಹೆಚ್ಚುಕಡಿಮೆ ಅದೇ.

ಒಂಬತ್ತು ಕಂಪ್ಯೂಟರುಗಳೂ ತಮ್ಮ ತಮ್ಮ ಪಾಲಿನ ಜೋಡಣೆ ಮಾಡಿ ಕೊನೆಗೆ ಒಂದೇ ದೊಡ್ಡ ಹಾಳೆಯಲ್ಲಿ ಬರೆಯಬೇಕು. ಇಬ್ಬರು ಒಟ್ಟಿಗೆ ಬರೆದರೆ ಒಂದೇ ಬಸ್ಸನ್ನು ಇಬ್ಬರಿಗೆ ಕೊಟ್ಟುಬಿಡಬಹುದು. ಅದಕ್ಕಾಗಿ ಅತ್ತೆ ಪ್ರೋಗ್ರಾಮಿನ ಒಳಗೇ ಒಂದು ಕೀ ಇಟ್ಟಿದ್ದರು. ಕೀ ಯಾರ ಕೈಯಲ್ಲಿದೆಯೋ ಅವರು ಮಾತ್ರ ಹಾಳೆಯ ಮೇಲೆ ಬರೆಯಬೇಕು, ಎರಡು ಮೂರು ನಿಮಿಷದಲ್ಲಿ ಮುಗಿಸಿ ಮುಂದಿನವರಿಗೆ ಕೊಡಬೇಕು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಕೆಲಸ ಶುರುವಾಯಿತು. ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಎಲ್ಲವೂ ಹಾಗೇ ನಿಂತುಬಿಟ್ಟಿತು. ಕಂಪ್ಯೂಟರುಗಳೇನೋ ಚಾಲೂ ಇದ್ದವು, ಎಲ್ಲವೂ ಕಾಯುತ್ತಿದ್ದವು. ಅತ್ತೆ ಒಂದೊಂದನ್ನೇ ನೋಡುತ್ತ ಹೋದರು. ಟಿಕೆಟ್ ಕೌಂಟರಿನ ಮೂರನೆಯ ಕಂಪ್ಯೂಟರು ಆರಿತ್ತು. ಕೌಂಟರಿನವರು ಜಾಗ ಬಿಟ್ಟು ಏಳುವಾಗ ಫ್ಯಾನು, ದೀಪ, ಕಂಪ್ಯೂಟರು ಎಲ್ಲ ಆರಿಸಬೇಕೆಂದು ಗೋಡೆಯ ಮೇಲೆ ಬರೆದಿದೆ. ಅವರು ಊಟಕ್ಕೆ ಏಳುವಾಗ ಹಾಗೇ ಮಾಡಿದ್ದರು. ಆ ಹೊತ್ತಿಗೆ ಕೀ ಅದರ ಕೈಯಲ್ಲೇ ಇತ್ತು. ಉಳಿದ ಎಂಟೂ ಕೀ ಈಗ ಬರುತ್ತದೆ, ಆಗ ಬರುತ್ತದೆ ಎಂದು ಬಾಗಿಲ ಮುಂದೆ ನಿಂತಿದ್ದವು.

ಅತ್ತೆ ಯಾರನ್ನೂ ಬಯ್ಯಲಿಲ್ಲ. ನಿಯಮ ಪಾಲಿಸಿದವರನ್ನು ಬಯ್ಯಲು ಬರುವುದಿಲ್ಲ ಎಂದರು. ಬಸ್ಸಿನ ಕೀಗಳಿಗೆ ಡಿಪೋದಲ್ಲಿ ಒಂದು ಪದ್ಧತಿ ಇದೆ. ಯಾರಾದರೂ ಕೀ ವಾಪಸ್ಸು ಕೊಡದೆ ಹೊತ್ತು ಮೀರಿದರೆ ಕಾಯುತ್ತ ಕೂರುವುದಿಲ್ಲ, ಇನ್ನೊಂದು ಕೀ ತೆಗೆದು ಬಸ್ಸು ಕಳಿಸುತ್ತಾರೆ. ಅತ್ತೆ ಅದನ್ನೇ ಮಾಡಿದರು. ಕೀ ತೆಗೆದುಕೊಂಡವರು ಎಷ್ಟು ಹೊತ್ತಿಗೆ ತೆಗೆದುಕೊಂಡೆವು ಎಂದು ಬರೆಯಬೇಕು. ಐದು ನಿಮಿಷ ದಾಟಿತೋ, ಆ ಕೀ ಸತ್ತಿತು, ಬೇರೆಯವರು ಹೊಸದು ತೆಗೆದುಕೊಳ್ಳಬಹುದು. ಇದನ್ನು ಬರೆದು, ಪರೀಕ್ಷೆ ಮಾಡಿ ನೋಡುವುದರೊಳಗೆ ಗುರುವಾರ ಮುಗಿಯಿತು.

ಶುಕ್ರವಾರ ಎಂಟಕ್ಕೆ ಮತ್ತೆ ಮೊದಲಿನಿಂದ. ಈ ಸಲ ಕೌಂಟರಿನವರು ಊಟಕ್ಕೆ ಎದ್ದು ಆರಿಸಿದರೂ ಕೆಲಸ ನಿಲ್ಲಲಿಲ್ಲ. ಸಂಜೆ ಐದಕ್ಕೆ ಹಾಳೆ ಪೂರ್ತಿ ತುಂಬಿತು. ಮೂರು ದಿನದ ಲೆಕ್ಕ ಒಂಬತ್ತು ಗಂಟೆಯಲ್ಲಿ ಮುಗಿದಿತ್ತು. ಅವತ್ತು ಮನೆಗೆ ಬಂದಾಗ ಅತ್ತೆಯ ಮುಖ ಊರಗಲ ಆಗಿತ್ತು. ಮಾವನಿಗೆ ಅವರೇ ಟೀ ಮಾಡಿಕೊಟ್ಟರು, ಅದಕ್ಕೆ ಸಕ್ಕರೆ ಹಾಕಲು ಮರೆತರು. ಮಾವ ಪೂರ್ತಿ ಕುಡಿದು ಲೋಟ ಇಟ್ಟರು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಅತ್ತೆ ಮುದ್ರಿಸಿದ ಹಾಳೆಗಳನ್ನು ಮೇಜಿನ ಮೇಲೆ ಹರಡಿ, ಪೆನ್ಸಿಲ್ ಹಿಡಿದು ಒಂದೊಂದೇ ಸಾಲು ಓದತೊಡಗಿದರು. ಯಂತ್ರ ಹಾಕಿದ ಚಾರ್ಟನ್ನು ಕೈಯಲ್ಲಿ ಓದದೆ ಅವರು ಎಂದೂ ಬೋರ್ಡಿಗೆ ಹಾಕಿದವರಲ್ಲ. ಕಂಡಿಯ ಹೊರಗೆ ವರ್ಕ್‌ಶಾಪಿನ ಮೇಸ್ತ್ರಿ ನಿಂತಿದ್ದರು. ಅವರ ಕೈ ಯಾವಾಗಲೂ ಕಪ್ಪು, ಅದಕ್ಕೇ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕುತ್ತಿಗೆ ಮಾತ್ರ ಮುಂದೆ ಚಾಚಿ ಸರಳುಗಳ ಸಂದಿಯಿಂದ ನೋಡುತ್ತಾರೆ.

"ಮೇಡಂ, ನಲವತ್ತೊಂದನೇ ಬಸ್ಸಿಗೆ ಇಬ್ರು ಡ್ರೈವರಾ? ಒಬ್ರು ಸ್ಟೀರಿಂಗು, ಒಬ್ರು ಹಾರನ್ನಾ?"

ಅತ್ತೆ ಪೆನ್ಸಿಲ್ಲನ್ನು ಆ ಸಾಲಿಗೆ ತಂದರು. ನೋಡಿದರೆ ನಿಜ. ನಲವತ್ತೊಂದಕ್ಕೆ ಸೋಮವಾರ ಬೆಳಿಗ್ಗೆ ಇಬ್ಬರು. ಹದಿನೇಳಕ್ಕೆ ಯಾರೂ ಇಲ್ಲ. ಮುಂದಿನ ಹಾಳೆಯಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಬಸ್ಸಿನಲ್ಲಿ ಕೂತಿದ್ದರು. ಕಣ್ಣು ಕಾಣದ ತಾಯಿಯ ಮಗಳಾದ ಕಂಡಕ್ಟರ್ ಅಕ್ಕನಿಗೆ ಬೆಳಿಗ್ಗೆ ಐದೂವರೆಯ ಬಸ್ಸು ಬಿದ್ದಿತ್ತು. ತಪ್ಪು ಎಣಿಸಲು ಒಂದು ಸಣ್ಣ ಪ್ರೋಗ್ರಾಂ ಬರೆದು ಓಡಿಸಿದರು. ಮೂವತ್ತೊಂದು ಕಡೆ ಹೀಗೆ ಆಗಿತ್ತು.

ಅಷ್ಟರಲ್ಲಿ ಮ್ಯಾನೇಜರು ಬಾಗಿಲಿಗೆ ಬಂದರು. ಅತ್ತೆ ಮುಚ್ಚಿಡಲಿಲ್ಲ. ಹಾಳೆ ಮುಂದೆ ತಳ್ಳಿ ತೋರಿಸಿದರು. ಮ್ಯಾನೇಜರು ಅದನ್ನು ಎತ್ತಿ ಓದಿದರು.

"ಅಮ್ಮ, ನಾನು ಅವರಿಗೆ ಫೋನ್ ಮಾಡ್ಲಾ? ಅವರ ಹತ್ರ ಒಂದು ಚಾರ್ಟು ತಯಾರು ಇಟ್ಟಿದ್ದಾರಂತೆ. ಐದು ಗಂಟೆವರೆಗೆ ಕಾಯ್ತೀನಿ ಅಂತ ನಾನೇ ಹೇಳಿದ್ದೆ."

"ಐದು ಅಂದ್ರೆ ಐದು. ಈಗ ಒಂಬತ್ತೂ ಕಾಲು."

"ಆಗುತ್ತಾ?"

"ಗೊತ್ತಿಲ್ಲ. ಆಗಲ್ಲ ಅಂತ ಗೊತ್ತಾದ ಕೂಡಲೇ ನಾನೇ ಬಂದು ಹೇಳ್ತೀನಿ."

ಹಾಳೆಯಲ್ಲಿ ಪ್ರತಿ ಸಾಲಿನ ಕೊನೆಗೂ ಅದನ್ನು ಯಾವ ಕಂಪ್ಯೂಟರು ಬರೆಯಿತು, ಎಷ್ಟು ಹೊತ್ತಿಗೆ ಬರೆಯಿತು ಎಂದು ಗುರುತು ಇರುತ್ತದೆ. ಅತ್ತೆ ಮೂವತ್ತೊಂದು ತಪ್ಪುಗಳನ್ನೂ ಸಾಲಾಗಿ ಬರೆದು ನೋಡಿದರು. ತಪ್ಪಾದ ಕಡೆಯಲ್ಲೆಲ್ಲ ಎರಡು ಕಂಪ್ಯೂಟರುಗಳು ಒಂದರ ಮೇಲೊಂದು ಬರೆದಿದ್ದವು. ಒಬ್ಬರು ವರ್ಕ್‌ಶಾಪಿನವರಿರಬಹುದು, ಕೌಂಟರಿನವರಿರಬಹುದು, ಆದರೆ ಇನ್ನೊಬ್ಬರು ತಪ್ಪದೆ ಕ್ಯಾಂಟೀನು. ಮೂವತ್ತೊಂದರಲ್ಲಿ ಮೂವತ್ತೊಂದೂ.

ಇನ್ನೂ ಒಂದು ವಿಚಿತ್ರ ಇತ್ತು. ಎಲ್ಲ ತಪ್ಪೂ ಮಧ್ಯಾಹ್ನ ಒಂದರ ಮೇಲೆ. ಇದು ಮಾತ್ರ ಅತ್ತೆಗೆ ಬೇಗ ಹೊಳೆಯಿತು. ಬೆಳಿಗ್ಗೆಯಿಂದ ಊಟದ ತನಕ ಕ್ಯಾಂಟೀನಿನ ಕಂಪ್ಯೂಟರಿಗೆ ಟೋಕನ್ನಿನ ಕೆಲಸವೇ ಕೈತುಂಬ, ಒಳಗಿನ ಬಾಡಿಗೆದಾರನಿಗೆ ಪುರುಸೊತ್ತು ಸಿಕ್ಕಿದ್ದು ಒಂದರ ನಂತರ. ಆದರೆ ಅದು ಬೇರೆಯವರ ಕೈಯಲ್ಲಿದ್ದ ಕೀಯನ್ನು ಏಕೆ ಕಿತ್ತುಕೊಂಡಿತು?

ಉಳಿದೆಲ್ಲ ಕಂಪ್ಯೂಟರುಗಳಿಗೂ ಅತ್ತೆ ಖುದ್ದಾಗಿ ಹೋಗಿ ಕೋಣೆ ಕಟ್ಟಿದ್ದರು. ಕ್ಯಾಂಟೀನಿನದನ್ನು ಮಾತ್ರ ಮೇಸ್ತ್ರಿಯ ಕೈಯಲ್ಲಿ ಹಾಕಿಸಿದ್ದರು. ಏಕೆಂದು ಮೊದಲೇ ಹೇಳಿದ್ದೇನೆ. ಈಗ ಹೋಗದೆ ದಾರಿ ಇರಲಿಲ್ಲ. ಅತ್ತೆ ಕೋಣೆಗೆ ಬೀಗ ಹಾಕಿ, ಅಂಗಳ ದಾಟಿ, ಇಪ್ಪತ್ತಾರು ವರ್ಷದ ಮೇಲೆ ಕ್ಯಾಂಟೀನಿನ ಮೆಟ್ಟಿಲು ಹತ್ತಿದರು.

ಒಳಗೆ ಗಲಗಲ ಎನ್ನುತ್ತಿದ್ದದ್ದು ಒಮ್ಮೆಗೇ ನಿಂತಿತು. ನಲವತ್ತು ಜನ ಲೋಟ ಹಿಡಿದುಕೊಂಡೇ ತಿರುಗಿ ನೋಡಿದರು. ಕ್ಯಾಂಟೀನ್ ನಡೆಸುವ ಅಣ್ಣ ದೊಡ್ಡ ಗಂಟಲಿನವರು. "ಬನ್ನಿ ಬನ್ನಿ ಅಮ್ಮ! ಏನಾಶ್ಚರ್ಯ! ಹಿಡೀರಿ ಟೋಕನ್ನು, ನೂರ ಹದಿನಾಲ್ಕು. ನಿಮ್ಮ ನಂಬರ್ ಕೂಗ್ತೀನಿ" ಎಂದು ಒಂದು ಚೀಟಿ ಕೈಗಿತ್ತರು.

ಮೂಲೆಯ ಮೇಜಿನಿಂದ ಒಬ್ಬ ಡ್ರೈವರು ಎದ್ದು, "ಮೇಡಂ, ಬರೋ ಗುರುವಾರ ನನಗೊಂದು..." ಎಂದು ಶುರು ಮಾಡಿದ. ಪಕ್ಕದಲ್ಲಿದ್ದ ಕಂಡಕ್ಟರ್ ಅಕ್ಕ ಅವನ ತೋಳು ಹಿಡಿದು ಕೂರಿಸಿದಳು. "ಕೂತ್ಕೊಳೋ ಮಾರಾಯ. ಮೇಡಂ ಮುಖ ನೋಡಿ ಮಾತಾಡು."

ಅತ್ತೆ ಇದನ್ನೆಲ್ಲ ಕೇಳಿಸಿಕೊಳ್ಳಲಿಲ್ಲ. ಟೋಕನ್ ನಂಬರು ತೋರಿಸುವ ಕಂಪ್ಯೂಟರಿನ ತೆರೆ ಎಲ್ಲರಿಗೂ ಕಾಣುವಂತೆ ಮೇಲೆ ಕೂರಿಸಿತ್ತು. ನಂಬರಿನ ಕೆಳಗೆ ಗೇಣುದ್ದದ ಅಂಕಿಗಳಲ್ಲಿ ಗಂಟೆ. ಹತ್ತು ಹದಿನಾಲ್ಕು. ಅತ್ತೆ ತಮ್ಮ ಕೈಗಡಿಯಾರ ನೋಡಿಕೊಂಡರು. ಹತ್ತು ಏಳು.

"ಅಣ್ಣ, ನಿಮ್ಮ ಗಡಿಯಾರ ಏಳು ನಿಮಿಷ ಮುಂದಿದೆಯಲ್ಲ?"

ಇಡೀ ಕ್ಯಾಂಟೀನು ನಕ್ಕಿತು. ಅಣ್ಣ ಮಾತ್ರ ಗಂಭೀರವಾಗಿ ಹೇಳಿದರು. "ಮುಂದಿಟ್ಟಿರೋದೇ ಹಂಗೆ ಅಮ್ಮ. ಸರಿಯಾದ ಟೈಮ್ ಇಟ್ರೆ ಇವರು ಏಳ್ತಾರಾ? ಬಸ್ಸು ಹೊರಡೋ ಹೊತ್ತಾದ್ರೂ ಲೋಟ ಬಿಡಲ್ಲ. ಹದಿನೈದು ವರ್ಷ ಆಯ್ತು ಮುಂದಿಟ್ಟು. ಮೊದಲು ಗೋಡೆ ಗಡಿಯಾರ, ಈಗ ಇದು."

"ಏಳು ನಿಮಿಷ ಮುಂದಿದೆ ಅಂತ ನಮಗೆಲ್ಲ ಗೊತ್ತು, ಅಣ್ಣ" ಎಂದ ಮೂಲೆಯ ಡ್ರೈವರು. "ಕಳೆದು ನೋಡ್ಕೊಂಡೇ ಕೂತಿರ್ತೀವಿ."

"ಗೊತ್ತಿದ್ರೂ ಎದ್ದು ಹೋಗ್ತೀರಲ್ಲ, ಅದೇ ಗಮ್ಮತ್ತು."

ಡಿಪೋದ ಇನ್ನೂರ ನಲವತ್ತು ಜನರಿಗೂ ಗೊತ್ತಿದ್ದ ಸಂಗತಿ, ಕೋಣೆ ಬಿಟ್ಟು ಬಾರದ ಅತ್ತೆ ಒಬ್ಬರಿಗೆ ಗೊತ್ತಿರಲಿಲ್ಲ. ಮೇಸ್ತ್ರಿಗೂ ಗೊತ್ತಿತ್ತು, ಆದರೆ ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಹೇಳುವುದಿಲ್ಲ. ಅತ್ತೆಗೆ ಈಗ ಎಲ್ಲ ಬಿಡಿಸಿ ಕಂಡಿತು. ವರ್ಕ್‌ಶಾಪಿನ ಕಂಪ್ಯೂಟರು ಎರಡು ಗಂಟೆಗೆ ಕೀ ತೆಗೆದುಕೊಂಡಿತು ಎನ್ನೋಣ. ಎರಡು ಐದರವರೆಗೆ ಅದು ಅದರದೇ. ಆದರೆ ಕ್ಯಾಂಟೀನಿನ ಕಂಪ್ಯೂಟರಿಗೆ ಆಗಲೇ ಎರಡು ಏಳು. ಅದರ ಒಳಗಿನ ಬಾಡಿಗೆದಾರನೂ ಮನೆಯ ಗಡಿಯಾರವನ್ನೇ ನಂಬುವವನು. ಹೊತ್ತು ಮೀರಿತು, ಕೀ ಸತ್ತಿತು ಎಂದುಕೊಂಡು ಅವನು ಹೊಸ ಕೀ ತೆಗೆದು ಬರೆಯಲು ಕೂತ. ಅತ್ತ ವರ್ಕ್‌ಶಾಪಿನವನೂ ಬರೆಯುತ್ತಲೇ ಇದ್ದ. ಒಂದು ಹಾಳೆಗೆ ಇಬ್ಬರು.

"ತಪ್ಪಾಯ್ತಾ ಅಮ್ಮ?" ಎಂದರು ಕ್ಯಾಂಟೀನ್ ಅಣ್ಣ. ಅವರ ದನಿ ಮೊದಲ ಸಲ ಸಣ್ಣದಾಯಿತು. "ಈಗಲೇ ಸರಿ ಮಾಡಿಬಿಡ್ಲಾ? ಇಲ್ಲಾ ಮಿಷಿನ್ನೇ ಆರಿಸಿಬಿಡ್ಲಾ?"

ಬೇರೆ ಯಾರಾದರೂ ಆಗಿದ್ದರೆ ಹೂಂ ಎಂದುಬಿಡುತ್ತಿದ್ದರು. ಅತ್ತೆ ಯೋಚಿಸುತ್ತ ನಿಂತರು. ಈ ಗಡಿಯಾರವನ್ನು ಇವತ್ತು ಸರಿ ಮಾಡಬಹುದು. ನಾಳೆ ಸ್ಟೋರಿನ ಗಡಿಯಾರ ಹಿಂದೆ ಬಿದ್ದರೆ? ಒಂಬತ್ತು ಕಡೆ ಒಂಬತ್ತು ಗಡಿಯಾರ, ಅವುಗಳನ್ನು ನಂಬಿ ಚಾರ್ಟು ಹಾಕಿದ್ದೇ ತಪ್ಪು. ಹಾಗಾದರೆ ಇನ್ನೇನನ್ನು ನಂಬಬೇಕು?

ಅವರು ಹಾಗೇ ತೆರೆಯನ್ನು ನೋಡುತ್ತ ನಿಂತಿರುವಾಗ ನಂಬರುಗಳು ಒಂದೊಂದಾಗಿ ಮುಂದೆ ಹೋಗುತ್ತಿದ್ದವು. ಟೀ ಕೊಡುವವನು ಅತ್ತೆಯ ಚೀಟಿಯನ್ನು ನೋಡಿ, ಯಾರೆಂದು ತಿಳಿಯದೆ ಅಭ್ಯಾಸಬಲದಿಂದ ಹೇಳಿಬಿಟ್ಟ. "ನೂರ ಹದಿನಾಲ್ಕಾ? ಅದು ಹೋಯ್ತು. ಈಗ ನೂರ ಹದಿನೇಳು ನಡೀತಿದೆ. ಹಳೇ ಟೋಕನ್ ನಡೆಯಲ್ಲ, ಹೊಸದು ತಗೊಳ್ಳಿ."

"ಅಯ್ಯೋ, ಅವರಿಗೆ ಹಂಗನ್ನಬೇಡ್ವೋ! ನಿನಗೆ ವಾರವೆಲ್ಲ ಬೆಳಗಿನ ಪಾಳಿ ಬೀಳುತ್ತೆ!" ಎಂದು ಯಾರೋ ಕೂಗಿದರು.

ಅತ್ತೆ ಚೀಟಿಯನ್ನು ನೋಡಿದರು, ತೆರೆಯನ್ನು ನೋಡಿದರು. ಆಮೇಲೆ ಟೀ ಕೊಡುವವನ ಕಡೆ ತಿರುಗಿ, "ಸರಿಯಾಗಿ ಹೇಳಿದೆಯಪ್ಪ" ಎಂದು ಹೇಳಿ, ಟೀ ಕುಡಿಯದೆ ಹೊರಟೇಬಿಟ್ಟರು. ಮೆಟ್ಟಿಲ ಹತ್ತಿರ ತಿರುಗಿ ನಿಂತು ಒಂದು ಮಾತು ಹೇಳಿದರು.

"ಅಣ್ಣ, ಗಡಿಯಾರ ಮುಟ್ಟಬೇಡಿ. ಮಿಷಿನ್ನೂ ಆರಿಸಬೇಡಿ. ನಿಮ್ಮ ಗಡಿಯಾರ ಹೇಗಾದ್ರೂ ಇರಲಿ, ನನ್ನ ಚಾರ್ಟು ಸರಿ ಬರಬೇಕು."

ಕೋಣೆಗೆ ಬಂದು ಅವರು ಮಾಡಿದ್ದು ಇಷ್ಟೇ. ಪ್ರತಿ ಸಲ ಕೀ ಕೈ ಬದಲಾದಾಗಲೂ ಅದಕ್ಕೆ ಒಂದು ನಂಬರು, ಹಿಂದಿನದಕ್ಕಿಂತ ಒಂದು ಹೆಚ್ಚು. ಯಾರೇ ಒಂದು ಸಾಲು ಬರೆದರೂ ತಮ್ಮ ಕೀಯ ನಂಬರನ್ನು ಅದರ ಜೊತೆ ಬರೆಯಬೇಕು. ಒಮ್ಮೆ ನೂರ ಹದಿನೇಳನ್ನು ಕಂಡವರು ಆಮೇಲೆ ಬಂದ ನೂರ ಹದಿನಾರರ ಸಾಲನ್ನು ಹಾಳೆಗೆ ಸೇರಿಸುವುದಿಲ್ಲ. ಹಳೇ ಟೋಕನ್ ನಡೆಯಲ್ಲ, ಹೋಗಿ ಹೊಸದು ತಗೊಂಡು ಬಾ. ಕ್ಯಾಂಟೀನಿನವನು ಅವಸರಪಟ್ಟು ಕೀಗೆ ಕೈ ಹಾಕಿದರೆ ಹಾಕಲಿ, ಮೊದಲು ಬರೆಯುತ್ತಿದ್ದವನು ಮತ್ತೊಮ್ಮೆ ಸರದಿಗೆ ನಿಲ್ಲಬೇಕಾಗುತ್ತದೆ. ಕೆಲಸ ಒಂದಿಷ್ಟು ನಿಧಾನವಾದೀತು. ಆದರೆ ಒಂದು ಬಸ್ಸಿಗೆ ಇಬ್ಬರು ಬೀಳುವುದಿಲ್ಲ.

ಬರೆದು, ಮೂರು ಸಲ ಓದಿ, ಸಣ್ಣ ಲೆಕ್ಕದಲ್ಲಿ ಪರೀಕ್ಷಿಸಿದಾಗ ಹನ್ನೊಂದೂವರೆ. ಐದಕ್ಕೆ ಉಳಿದದ್ದು ಐದೂವರೆ ಗಂಟೆ. ಮೊದಲಿಂದ ಮಾಡಿದರೆ ಒಂಬತ್ತು ಗಂಟೆ ಬೇಕು. ಇಲ್ಲಿ ಅತ್ತೆಯನ್ನು ಕಾಪಾಡಿದ್ದು ಅವರ ಇನ್ನೊಂದು ಅಭ್ಯಾಸ. ಗಂಟೆಗೊಂದು ಸಲ ಅವರು ಹಾಳೆಯ ನಕಲು ತೆಗೆದಿಡುತ್ತಾರೆ. ಶುಕ್ರವಾರ ಮಧ್ಯಾಹ್ನ ಒಂದು ಗಂಟೆಯ ನಕಲನ್ನು ತೆಗೆದು ತಪ್ಪು ಎಣಿಸುವ ಪ್ರೋಗ್ರಾಂ ಓಡಿಸಿದರು. ಸೊನ್ನೆ. ಮತ್ತೊಮ್ಮೆ ಓಡಿಸಿದರು. ಸೊನ್ನೆಯೇ. ಅಲ್ಲಿಂದ ಮುಂದಿನದನ್ನು ಮಾತ್ರ ಮಾಡಿದರೆ ಸಾಕು, ನಾಲ್ಕು ಗಂಟೆಯ ಕೆಲಸ. ಹನ್ನೊಂದು ನಲವತ್ತಕ್ಕೆ ಶುರು ಮಾಡಿದರು.

ಆ ನಾಲ್ಕು ಗಂಟೆ ಅತ್ತೆ ಏನು ಮಾಡಿದರು ಎಂದು ನಾನು ಕೇಳಿದ್ದೆ. ಊಟದ ಡಬ್ಬಿ ಬಿಚ್ಚಿದೆ, ಏನಿತ್ತು ಅಂತ ನೆನಪಿಲ್ಲ ಎಂದರು. ಮೂರು ಗಂಟೆಗೆ ಕಂಡಿ ತೆರೆದರು, ಅವತ್ತು ಒಬ್ಬರೂ ಏನೂ ಕೇಳಲು ಬರಲಿಲ್ಲ. ಬಂದದ್ದು ಒಂದು ಲೋಟ ಟೀ. ಮೇಲೆ ತಟ್ಟೆ ಮುಚ್ಚಿತ್ತು, ಕೆಳಗೆ ಒಂದು ಚೀಟಿ, ನೂರ ಹದಿನಾಲ್ಕು. ಕಂಡಕ್ಟರ್ ಅಕ್ಕ ತಂದಿದ್ದಳು.

"ಹಳೇ ಟೋಕನ್ ನಡೆಯಲ್ವಂತಲ್ಲ?" ಎಂದರು ಅತ್ತೆ.

"ನಿಮಗೊಂದು ಸಲ ನಡೆಯುತ್ತಂತೆ." ಅಕ್ಕ ಹೋಗಲಿಲ್ಲ. ಸರಳು ಹಿಡಿದು ನಿಂತಳು. "ಮೇಡಂ, ಅವರು ಹಾಕೋ ಚಾರ್ಟಲ್ಲಿ ನಂಗೆ ಐದೂವರೆ ಬಸ್ಸು ಬರುತ್ತಾ?"

"ಬರಬಹುದು. ಅವರಿಗೆ ನಿಮ್ಮಮ್ಮ ಗೊತ್ತಿಲ್ಲ."

"ನಿಮ್ಮದರಲ್ಲಿ?"

"ಇನ್ನೊಂದು ಗಂಟೆ ತಡಿ."

ಊಟದ ಹೊತ್ತಿನಲ್ಲಿ ಕ್ಯಾಂಟೀನಿನ ಕಂಪ್ಯೂಟರಿಗೆ ಬಿಡುವಿರಲಿಲ್ಲ, ಹಾಗಾಗಿ ಅಂದುಕೊಂಡದ್ದಕ್ಕಿಂತ ಸ್ವಲ್ಪ ತಡವಾಯಿತು. ನಾಲ್ಕು ಇಪ್ಪತ್ತಕ್ಕೆ ಹಾಳೆ ತುಂಬಿತು. ತಪ್ಪು ಎಣಿಸುವ ಪ್ರೋಗ್ರಾಂ ಸೊನ್ನೆ ಎಂದಿತು. ಆದರೂ ಅತ್ತೆ ಪೆನ್ಸಿಲ್ ಹಿಡಿದು ಓದಿದರು. ಮ್ಯಾನೇಜರು ಬಂದು ಎದುರು ಕೂತು, ಇನ್ನೊಂದು ಪೆನ್ಸಿಲ್ ತೆಗೆದುಕೊಂಡು ಕೊನೆಯಿಂದ ಓದುತ್ತ ಬಂದರು. ಇಬ್ಬರೂ ನಡುವಿನ ಹಾಳೆಯಲ್ಲಿ ಸಂಧಿಸಿದಾಗ ನಾಲ್ಕು ಐವತ್ತೆರಡು. ನಲವತ್ತೊಂದಕ್ಕೆ ಒಬ್ಬರು, ಹದಿನೇಳಕ್ಕೆ ಒಬ್ಬರು.

"ಬೋರ್ಡಿಗೆ ಹಾಕೋಣವಾ ಅಮ್ಮ?" ಎಂದರು ಮ್ಯಾನೇಜರು.

ಪಿನ್ನು ಚುಚ್ಚುವುದರೊಳಗೆ ಬೋರ್ಡಿನ ಮುಂದೆ ಜನ ಮುತ್ತಿಕೊಂಡರು. ಕಂಡಕ್ಟರ್ ಅಕ್ಕ ಎಲ್ಲರ ಭುಜದ ಸಂದಿಯಿಂದ ಕೈ ಹಾಕಿ ತನ್ನ ಸಾಲಿನ ಮೇಲೆ ಬೆರಳಿಟ್ಟಳು. ಒಂಬತ್ತು ಗಂಟೆ ಹತ್ತು ನಿಮಿಷದ ಬಸ್ಸು. ಅವಳು ಬೆರಳನ್ನು ಅಲ್ಲೇ ಇಟ್ಟುಕೊಂಡು ನಿಂತಳು. ಹಿಂದಿನವರು "ಕೈ ತೆಗಿಯಮ್ಮ, ನಮ್ಮದೂ ನೋಡ್ಬೇಕು" ಎಂದು ಗೊಣಗಿದರು. ಮಾತು ಬಿಟ್ಟ ಅಣ್ಣತಮ್ಮಂದಿರು ಬೋರ್ಡಿನ ಎರಡು ತುದಿಯಲ್ಲಿ ನಿಂತು ತಮ್ಮ ತಮ್ಮ ಬಸ್ಸು ನೋಡಿಕೊಂಡರು. ಮ್ಯಾನೇಜರು ಕೇಂದ್ರ ಕಚೇರಿಗೆ ಫೋನ್ ಮಾಡಿ, "ಬೇಡ ಸಾರ್, ನಮ್ಮದು ಆಗಿದೆ. ಹೂಂ, ಬೋರ್ಡಿನ ಮೇಲಿದೆ" ಎಂದರು. ಆಗ ಸರಿಯಾಗಿ ನಾಲ್ಕು ಐವತ್ತೆಂಟು. ಕ್ಯಾಂಟೀನಿನಲ್ಲಿ ಐದು ಗಂಟೆ ಐದು ನಿಮಿಷ.

ಸೋಮವಾರ ಎಂಬತ್ತೈದು ಬಸ್ಸುಗಳೂ ಹೊರಟವು. ಹತ್ತು ದಿನದ ಮೇಲೆ ಕೇಂದ್ರ ಕಚೇರಿಯಿಂದ ಒಂದೇ ಸಾಲಿನ ಕಾಗದ ಬಂತು.

"ಚಾರ್ಟು ಹಾಕುವ ಕೆಲಸ ನಿಮ್ಮ ಡಿಪೋದಲ್ಲೇ ಮುಂದುವರಿಯತಕ್ಕದ್ದು" ಎಂದು ಮಾವ ಅದನ್ನು ಗಟ್ಟಿಯಾಗಿ ಎರಡು ಸಲ ಓದಿದರು. ಆಮೇಲೆ, "ಅಂತೂ ಏಳು ನಿಮಿಷದಲ್ಲಿ ಗೆದ್ದೆ ಬಿಡು" ಎಂದರು.

"ಎರಡು ನಿಮಿಷದಲ್ಲಿ. ಏಳು ಕ್ಯಾಂಟೀನಿನದು" ಎಂದು ಅತ್ತೆ ತಿದ್ದಿದರು.

ಈಗ ಅತ್ತೆ ಶನಿವಾರ ಶನಿವಾರ ಕ್ಯಾಂಟೀನಿಗೆ ಹೋಗಿ ಟೀ ಕುಡಿಯುತ್ತಾರೆ. ಅವರು ಲೋಟ ಇಡುವ ತನಕ ಯಾರೂ ರಜೆ ಕೇಳಬಾರದು ಎಂದು ಅಣ್ಣ ಗೋಡೆಯ ಮೇಲೆ ಚೀಟಿ ಅಂಟಿಸಿದ್ದಾರೆ. ಹಾಗಾಗಿ ಎಲ್ಲರೂ ಲೋಟವನ್ನೇ ನೋಡುತ್ತ ಕೂತಿರುತ್ತಾರೆ. ನೀಲಿ ಪುಸ್ತಕದಲ್ಲಿ ಇನ್ನೂರ ನಲವತ್ತು ಜನರ ಪುಟಗಳಾದ ಮೇಲೆ, ಕೊನೆಯಲ್ಲಿ ಒಂದು ಹೊಸ ಸಾಲಿದೆ. ಅದೊಂದನ್ನು ಮಾತ್ರ ಅತ್ತೆ ಇಂಕಿನಲ್ಲಿ ಬರೆದಿದ್ದಾರೆ. ಕ್ಯಾಂಟೀನ್ ಗಡಿಯಾರ, ಏಳು ನಿಮಿಷ ಮುಂದೆ. ಹಾಗೇ ಇರಲಿ.